ಅಪಘಾತ ಆಗಿ 38 ದಿನ ಆತು, ಎಫ್‌ಐಆರ್ ಇಲ್ಲ, ಗಾಡಿ ಮಾಲೀಕ ರಾಜಿ ಪತ್ರಕ್ಕ ಸಹಿ ಕೇಳಾಕತ್ತಾನ

ಹಳೇಹುಬ್ಬಳ್ಳಿಯಾಂವ

ತಿಳಿದವರು ಸ್ವಲ್ಪ ಹೇಳ್ರಿ. ನಮ್ಮ ತಮ್ಮಗ 34 ವರ್ಷ, ಗೌಂಡಿ ಕೆಲಸ. ಹಾವೇರಿ ಕಡೆ ಕೆಲಸ ಮುಗಿಸಿ ಬೈಕ್ ಮ್ಯಾಲೆ ಹುಬ್ಬಳ್ಳಿಗೆ ಬರೂವಾಗ, ಬಂಕಾಪುರ ದಾಟಿದ ಮ್ಯಾಲೆ ಸರ್ವಿಸ್ ರಸ್ತೆಯಿಂದ ಒಮ್ಮೆಲೇ ಹೈವೇಕ್ಕ ನುಗ್ಗಿದ ಸಣ್ಣ ಗೂಡ್ಸ್ ಗಾಡಿ ಎಡಗಡೆ ಬಡೀತು. ಎಡಗಾಲಿನ ಮೊಣಕಾಲ ಕೆಳಗಿನ ಎಲುಬು ಮುರಿದೈತಿ. ಮೊದಲು ತಾಲೂಕು ಆಸ್ಪತ್ರೆ, ಅಲ್ಲಿಂದ ಹುಬ್ಬಳ್ಳಿ. ರಾಡ್ ಹಾಕ್ಯಾರ. ಹೆಲ್ಮೆಟ್ ಇತ್ತು, ತಲಿಗೆ ಏನೂ ಆಗಿಲ್ಲ.

ಗಾಡಿ ಮಾಲೀಕ ಅವತ್ತ 10,000 ಕೊಟ್ಟ, ಆಸ್ಪತ್ರೆ ಖರ್ಚು ಎಲ್ಲಾ ನೋಡ್ಕೋತೀನಿ ಅಂದ. ಅದನ್ನ ನಂಬಿ ಯಾರೂ ಠಾಣೆಗೆ ಹೋಗಲಿಲ್ಲ. ಈಗ 38 ದಿನ ಆತು. ಇನ್ನೊಂದು 40,000 ಕೊಡ್ತೀನಿ, 100 ರೂಪಾಯಿ ಬಾಂಡ್ ಮ್ಯಾಲೆ "ಯಾವ ತಕರಾರೂ ಇಲ್ಲ, ಮುಂದ ಕೇಸ್ ಮಾಡೂದಿಲ್ಲ" ಅಂತ ಬರದು ಸಹಿ ಮಾಡ್ರಿ ಅನ್ನಾಕತ್ತಾನ. ಇಲ್ಲೀತನಕ ನಮ್ಮ ಕೈಯಿಂದ ಹೋಗಿದ್ದ ಅದಕ್ಕಿಂತ ಜಾಸ್ತಿ ಐತಿ.

ಗಾಡಿ ನಂಬರ್ ಐತಿ, ಅಲ್ಲೇ ಮೊಬೈಲಿನ್ಯಾಗ ತಗದ ಮೂರು ಫೋಟೋ ಅದಾವ. ಆದ್ರ ಡಿಸ್ಚಾರ್ಜ್ ಕಾರ್ಡಿನ್ಯಾಗ "ಬೈಕ್ ಸ್ಕಿಡ್ ಆಗಿ ಬಿದ್ದು ಗಾಯ" ಅಂತ ಬರದೈತಿ. ಎಫ್‌ಐಆರ್ ಈಗ ತಗೋತಾರೋ ಇಲ್ಲೋ? ಸಹಿ ಮಾಡಿದ್ರ ಏನಾಗ್ತದ?

---

ಕೋರ್ಟ್ ಕಟ್ಟಿ

ಸಹಿ ಮಾಡಬ್ಯಾಡ್ರಿ. ಇದು ಮೊದಲನೇ ಮಾತು. ಆ ಬಾಂಡ್ ಒಂದರಿಂದ ನಿಮ್ಮ ಹಕ್ಕು ಪೂರ್ತಿ ಹೋಗ್ತದ ಅಂತಲ್ಲ, ಆದ್ರ ನಾಳೆ ಕ್ಲೇಮ್ ಹಾಕಿದಾಗ ವಿಮಾ ಕಂಪನಿ ವಕೀಲರು ಅದನ್ನ ಎತ್ತಿ ಹಿಡೀತಾರ. 40,000ಕ್ಕೆ ಸಹಿ ಮಾಡಿ ಎರಡು ವರ್ಷ ಅದರ ಬಗ್ಗೆ ವಾದ ಮಾಡೂದು ಯಾಕ ಬೇಕು?

ಮಾಲೀಕನಿಗೆ ಒಂದು ವಿಷಯ ತಿಳಿಸಿ ಹೇಳ್ರಿ. ಗಾಡಿಗೆ ಆ ದಿನ ವಿಮೆ ಚಾಲ್ತಿ ಇತ್ತು ಅಂದ್ರ ಪರಿಹಾರ ಕೊಡೂದು ಕಂಪನಿ, ಅವನ ಕಿಸೆಯಿಂದಲ್ಲ. ಬಹಳ ಮಂದಿ ಮಾಲೀಕರು "ಕೇಸ್ ಆದ್ರ ನಾನ ಲಕ್ಷಗಟ್ಟಲೆ ಕಟ್ಟಬೇಕು" ಅಂತ ಹೆದರಿ ರಾಜಿಗೆ ಓಡಾಡ್ತಾರ. ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಪ್ರಕಾರ ಅಪಘಾತವನ್ನ ಠಾಣೆಗೆ ತಿಳಿಸೂದು, ವಿಮಾ ಕಂಪನಿಗೆ ಬರದು ತಿಳಿಸೂದು ಡ್ರೈವರ್ ಇಲ್ಲಾ ಗಾಡಿ ಜವಾಬ್ದಾರಿ ಇದ್ದವರ ಕರ್ತವ್ಯ. ಪಾಲಿಸಿ ಮುಗಿದಿದ್ರ ಮಾತ್ರ ಅವನ ಹೆದರಿಕೆಗೆ ಅರ್ಥ ಐತಿ. ಅದನ್ನ ನೀವ ನೋಡಬಹುದು: ಪರಿವಾಹನ್ ತಾಣದಾಗ ಅಥವಾ ಎಂಪರಿವಾಹನ್ ಆ್ಯಪ್‌ದಾಗ ಗಾಡಿ ನಂಬರ್ ಹಾಕಿದ್ರ ವಿಮೆ ಯಾವ ತಾರೀಖಿನತನಕ ಅಂತ ಬರ್ತದ. ಇವತ್ತೇ ನೋಡಿ ಸ್ಕ್ರೀನ್‌ಶಾಟ್ ಇಟ್ಕೋರಿ. ಪಾಲಿಸಿ ಮುಂದ ಹೊಸದಾದ ಮ್ಯಾಲೆ ಹಳೇ ತಾರೀಖು ಅಲ್ಲಿ ಕಾಣೂದಿಲ್ಲ.

ಎಫ್‌ಐಆರ್ ಈಗ್ಲೂ ಆಗ್ತದ. ತಡ ಆಗಿದ್ದಕ್ಕ ಕಾರಣ ಸರಿ ಇದ್ರ ತಡ ಅನ್ನೋದೊಂದ ಕಾರಣಕ್ಕ ಕ್ಲೇಮ್ ಅನುಮಾನಿಸಬಾರದು ಅಂತ ರವಿ ವಿರುದ್ಧ ಬದ್ರಿನಾರಾಯಣ ಪ್ರಕರಣದಾಗ ಸುಪ್ರೀಂ ಕೋರ್ಟ್ 2011ರಾಗ ಹೇಳೈತಿ. ಆದ್ರ ಆ ಕಾರಣ ದೂರಿನ್ಯಾಗ ಬರದಿರಬೇಕು, ಆಮ್ಯಾಲೆ ಕೋರ್ಟಿನ್ಯಾಗ ಬಾಯಿಂದ ಹೇಳಿದ್ರ ಬೆಲೆ ಇಲ್ಲ. ದೂರು ಹಿಂಗ ಬರೀರಿ: ತಾರೀಖು, ವೇಳೆ, ಜಾಗ (ಟೋಲ್‌ನಾಕಾದಿಂದ ಎಷ್ಟು ದೂರ, ಹತ್ತಿರದ ಧಾಬಾ ಅಥವಾ ಕ್ರಾಸ್ ಯಾವುದು), ಎರಡೂ ಗಾಡಿ ಯಾವ ದಿಕ್ಕಿಗೆ ಹೊಂಟಿದ್ವು, ಗೂಡ್ಸ್ ಗಾಡಿ ಎಲ್ಲಿಂದ ಹೆಂಗ ಬಂತು, ಬೈಕಿನ ಯಾವ ಭಾಗಕ್ಕ ಬಡೀತು, ನಂಬರ್, ನೋಡಿದವರು ಯಾರು, ಆಸ್ಪತ್ರೆಗೆ ಒಯ್ದವರು ಯಾರು. ಕಡೀಗೆ ತಡದ ಕಾರಣ: ಆಪರೇಶನ್ ಆಗಿ ಮಲಗಿದ್ದ, ಮಾಲೀಕ ಖರ್ಚು ನೋಡ್ಕೋತೀನಿ ಅಂತ ಮಾತು ಕೊಟ್ಟಿದ್ದ, 10,000 ಕೊಟ್ಟಾನ, ಈಗ ತಪ್ಪಿಸಾಕತ್ತಾನ. ಇದ್ದದ್ದು ಇದ್ದಂಗ ಬರೀರಿ. ಆ 10,000 ಮುಚ್ಚಿಡಬ್ಯಾಡ್ರಿ. ಗಾಡಿಯವನ ರೊಕ್ಕ ಕೊಟ್ಟಾನ ಅನ್ನೋದು ಅವನ ಗಾಡಿನ ಬಡೀತು ಅನ್ನೂದಕ್ಕ ಸಾಕ್ಷಿ. ಫೋನ್‌ಪೇ ಮಾಡಿದ್ದಿದ್ರ ಇನ್ನೂ ಛಲೋ.

ತಮ್ಮ ಹಾಸಿಗೆ ಮ್ಯಾಲಿದ್ರ ನೀವ ಫಿರ್ಯಾದುದಾರ ಆಗಬಹುದು. ಘಟನೆ ನಡೆದ ಠಾಣೆಗೆ ಹೋಗೂದು ಉತ್ತಮ, ಯಾಕಂದ್ರ ಸ್ಥಳ ಪಂಚನಾಮೆ ಅವರ ಮಾಡಬೇಕು. ಆಗದಿದ್ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ 173ರ ಪ್ರಕಾರ ಯಾವ ಠಾಣೆಯಾಗಾದ್ರೂ ದೂರು ಕೊಡಬಹುದು, ಅವರು ಅಲ್ಲಿಗೆ ಕಳಸ್ತಾರ. ಎಫ್‌ಐಆರ್ ಪ್ರತಿ ಪುಕ್ಕಟ ಕೊಡಬೇಕು. ತಗೋಳ್ಳದಿದ್ರ ಅದೇ ದೂರನ್ನ ಹಾವೇರಿ ಎಸ್‌ಪಿ ಕಚೇರಿಗೆ ರಿಜಿಸ್ಟರ್ಡ್ ಅಂಚೆಯಾಗ ಕಳಸ್ರಿ, ಅದಕ್ಕೂ ಆಗದಿದ್ರ ಮ್ಯಾಜಿಸ್ಟ್ರೇಟ್ ಕೋರ್ಟು. ಅಂಚೆ ರಸೀದಿ ಜೋಪಾನ.

ಇನ್ನೊಂದು: ಬೈಕ್ ರಿಪೇರಿಗೆ ಕೊಟ್ಟಿಲ್ಲ ಅಂದ್ರ ಕೊಡಬ್ಯಾಡ್ರಿ. ಮೋಟಾರು ವಾಹನ ನಿರೀಕ್ಷಕರು ಎರಡೂ ಗಾಡಿ ನೋಡಿ ವರದಿ ಕೊಡ್ತಾರ, ಅದನ್ನ ಐಎಂವಿ ವರದಿ ಅಂತಾರ. ಎಡಗಡೆ ಫುಟ್‌ರೆಸ್ಟ್, ಗೇರ್ ಲಿವರ್ ಬಾಗಿದ್ರ ಅದ "ಎಡಗಡೆಯಿಂದ ಬಡೀತು" ಅಂತ ಹೇಳ್ತದ. ಸ್ಕಿಡ್ ಅನ್ನೋ ವಾದಕ್ಕ ಇದೂ ಒಂದು ಉತ್ತರ ಆಗ್ತದ.

---

ಕೇಸ್ ಶೀಟ್

ಡಿಸ್ಚಾರ್ಜ್ ಕಾರ್ಡಿನಲ್ಲಿರುವ "ಸ್ಕಿಡ್" ಬಗ್ಗೆ ನಾನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಇಂಥ ಕ್ಲೇಮುಗಳು ಬಿದ್ದುಹೋಗುವುದು ಹೆಚ್ಚಾಗಿ ಇಲ್ಲಿಯೇ.

ಗಾಯಾಳುವನ್ನು ತುರ್ತು ವಿಭಾಗಕ್ಕೆ ತಂದಾಗ ವೈದ್ಯರು "ಹೆಂಗಾತು?" ಎಂದು ಕೇಳುತ್ತಾರೆ. ಕರೆತಂದವರು ಹೇಳಿದ್ದನ್ನು ಬರೆದುಕೊಳ್ಳುತ್ತಾರೆ. ಪೊಲೀಸ್ ಕೇಸ್ ಆಗುತ್ತದೆ, ಚಿಕಿತ್ಸೆ ತಡವಾಗುತ್ತದೆ ಎಂಬ ತಪ್ಪು ಭಯದಿಂದ ಜನ "ಗಾಡಿ ಜಾರಿ ಬಿದ್ದ" ಎಂದುಬಿಡುತ್ತಾರೆ. ಆ ಒಂದು ಸಾಲು ತಾಲೂಕು ಆಸ್ಪತ್ರೆಯ ರಿಜಿಸ್ಟರಿನಿಂದ ರೆಫರಲ್ ಚೀಟಿಗೆ, ಅಲ್ಲಿಂದ ಕೇಸ್ ಶೀಟಿಗೆ, ಅಲ್ಲಿಂದ ಡಿಸ್ಚಾರ್ಜ್ ಕಾರ್ಡಿಗೆ ನಕಲಾಗುತ್ತ ಹೋಗುತ್ತದೆ. ಕೊನೆಗೆ ನಾಲ್ಕು ಕಡೆ ಇದ್ದಂತೆ ಕಾಣುತ್ತದೆ, ಮೂಲ ಮಾತ್ರ ಒಂದೇ.

ಅದನ್ನು ತಿದ್ದಿಸಲು ಹೋಗಬೇಡಿ. ಆಸ್ಪತ್ರೆಯ ದಾಖಲೆಯಲ್ಲಿ ಒಂದು ಅಕ್ಷರ ಮೇಲೆಬರೆದರೂ ವಿಮಾ ಕಂಪನಿ ಮೂಲ ಕೇಸ್ ಶೀಟನ್ನು ಕೋರ್ಟಿಗೆ ತರಿಸುತ್ತದೆ, ಆಗ ನಿಜವಾದ ಕ್ಲೇಮೂ ಸುಳ್ಳಾಗಿ ಕಾಣುತ್ತದೆ. ಮಾಡಬೇಕಾದ್ದು ಬೇರೆ. ಮೊದಲ ಆಸ್ಪತ್ರೆಯಲ್ಲಿ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ ಎಂಬ ಆಸ್ಪತ್ರೆಯ ನಮೂದು) ಆಗಿದೆಯೇ, ಅದರ ಸಂಖ್ಯೆ ಏನು, ಕರೆತಂದವರೆಂದು ಯಾರ ಹೆಸರಿದೆ ಎಂದು ವಿಚಾರಿಸಿ. ಆ ವ್ಯಕ್ತಿಯ ಹೇಳಿಕೆಯನ್ನು ಪೊಲೀಸರು ಪಡೆಯಲಿ: ಗಾಬರಿಯಲ್ಲಿ ಹಾಗೆ ಹೇಳಿದೆ, ನಡೆದದ್ದು ಹೀಗೆ ಎಂದು. ಕರೆತಂದವರಿಗೆ ಅಪಘಾತವೇ ಗೊತ್ತಿರದಿದ್ದರೆ ಅದೂ ಒಂದು ಉತ್ತರವೇ. 108 ಆಂಬುಲೆನ್ಸ್‌ನಲ್ಲಿ ಬಂದಿದ್ದರೆ ಅವರ ಟ್ರಿಪ್ ದಾಖಲೆಯಲ್ಲಿ ಕರೆ ಬಂದ ವೇಳೆ, ಜಾಗ ಮತ್ತು ಅನೇಕ ಸಲ ಕಾರಣವೂ ಇರುತ್ತದೆ. 112ಕ್ಕೆ ಯಾರಾದರೂ ಫೋನ್ ಮಾಡಿದ್ದರೆ ಅದಕ್ಕೂ ದಾಖಲೆ ಇದೆ. ಟೋಲ್ ಬಳಿಯ ಸಿಸಿಟಿವಿ 38 ದಿನ ಉಳಿದಿರುವುದು ಕಷ್ಟ, ಆದರೂ ದೂರಿನಲ್ಲೇ "ಈ ವೇಳೆಯ ದೃಶ್ಯ ತರಿಸಿಕೊಳ್ಳಿ" ಎಂದು ಒಂದು ಸಾಲು ಸೇರಿಸಿ.

ಈಗಿನಿಂದ ಇಟ್ಟುಕೊಳ್ಳಬೇಕಾದ ಕಾಗದಗಳು: ಎರಡೂ ಆಸ್ಪತ್ರೆಯ ಹೊರರೋಗಿ ಚೀಟಿ, ರೆಫರಲ್ ಚೀಟಿ, ಒಳರೋಗಿ ಸಂಖ್ಯೆ ಇರುವ ಡಿಸ್ಚಾರ್ಜ್ ಕಾರ್ಡ್, ಆಪರೇಶನ್ ಟಿಪ್ಪಣಿಯ ಪ್ರತಿ, ರಾಡಿನ ಬಿಲ್ಲು ಮತ್ತು ಅದರ ಸ್ಟಿಕರ್, ಔಷಧ ಅಂಗಡಿಯ ಮುದ್ರಿತ ಬಿಲ್ಲುಗಳು. ಬರೀ ಚೀಟಿಯಲ್ಲಿ ಮೊತ್ತ ಗೀಚಿದ್ದು ನಡೆಯುವುದಿಲ್ಲ. ರೋಗಿಯ ಹೆಸರು, ತಾರೀಖು ಬೇಕು, ಮತ್ತು ಆ ಔಷಧ ಬರೆದ ವೈದ್ಯರ ಚೀಟಿಯೂ ಜೊತೆಗಿರಬೇಕು. ಹೆಸರು ಎಲ್ಲ ಕಡೆ ಆಧಾರ್‌ನಲ್ಲಿದ್ದಂತೆ ಇದೆಯೇ ನೋಡಿ. ಎಕ್ಸ್‌ರೇ ಈಗ ಅನೇಕ ಕಡೆ ಮೊಬೈಲಿಗೆ ಚಿತ್ರ ಕಳಿಸಿ ಮುಗಿಸುತ್ತಾರೆ, ಫಿಲ್ಮ್ ಪ್ರಿಂಟ್ ಕೇಳಿ ಪಡೆಯಿರಿ. ಮುರಿದ ದಿನದ್ದು, ರಾಡ್ ಹಾಕಿದ ನಂತರದ್ದು, ಎಲುಬು ಕೂಡಿದ ಮೇಲಿನದ್ದು, ಈ ಮೂರೂ ಬೇಕು. ಓಡಾಟದ ಆಟೋ, ಬಾಡಿಗೆ ಕಾರಿನ ರಸೀದಿಯೂ ಇರಲಿ.

ವೂಂಡ್ ಸರ್ಟಿಫಿಕೇಟ್, ಅಂದರೆ ಗಾಯದ ಪ್ರಮಾಣಪತ್ರವನ್ನು ಪೊಲೀಸರು ಆಸ್ಪತ್ರೆಯಿಂದ ಪಡೆಯುತ್ತಾರೆ. ಎಲುಬು ಮುರಿದರೆ ಅದು ಕಾನೂನಿನ ಪ್ರಕಾರ "ತೀವ್ರ ಗಾಯ". ಎಕ್ಸ್‌ರೇ ವರದಿ ಸೇರದೆ ಕೆಲವೊಮ್ಮೆ "ಸಾಧಾರಣ ಗಾಯ" ಎಂದು ಬಂದುಬಿಡುತ್ತದೆ. ಹಾಗಾದರೆ ಆರೋಪಪಟ್ಟಿ ಸಲ್ಲಿಸುವ ಮುನ್ನವೇ ತನಿಖಾಧಿಕಾರಿಗೆ ಎಕ್ಸ್‌ರೇ ವರದಿ ಕೊಟ್ಟು ಸರಿಪಡಿಸಿಕೊಳ್ಳಿ.

ಅಂಗವೈಕಲ್ಯದ ಪ್ರಮಾಣಪತ್ರ ಈಗ ಕೇಳಬೇಡಿ. ಎಲುಬು ಕೂಡಿ, ಮೊಣಕಾಲು, ಪಾದದ ಕೀಲು ಎಷ್ಟು ಮಡಚುತ್ತದೆ ಎಂದು ಸ್ಥಿರವಾದ ಮೇಲೆ ಅಳೆಯಬೇಕು. ಅದನ್ನು ಕೊಡುವವರು ಆಪರೇಶನ್ ಮಾಡಿದ ವೈದ್ಯರೇ ಆಗಿದ್ದರೆ ಒಳ್ಳೆಯದು; ಚಿಕಿತ್ಸೆ ಕೊಡದೆ ಒಂದೇ ದಿನ ನೋಡಿ ಶೇಕಡಾವಾರು ಬರೆದುಕೊಡುವವರ ಮಾತಿಗೆ ಅಪಘಾತ ಪರಿಹಾರ ತೀರ್ಮಾನಿಸುವ ನ್ಯಾಯಮಂಡಳಿಗಳು ಅಷ್ಟು ತೂಕ ಕೊಡುವುದಿಲ್ಲ.

---

ಹಳೇಹುಬ್ಬಳ್ಳಿಯಾಂವ

ಬಹಳ ಉಪಕಾರ ಆತ್ರಿ ಇಬ್ಬರಿಗೂ. ಬೈಕ್ ಇನ್ನೂ ಹಂಗ ನಿಂತೈತಿ, ಎಡಗಡೆ ಲಿವರ್ ಬಾಗೈತಿ. ಗಾಡಿ ವಿಮೆ ಚಾಲ್ತಿ ಐತಿ ಅಂತ ಆ್ಯಪ್‌ದಾಗ ಬಂತು. ಆದ್ರ ಎರಡು ಹೆದರಿಕೆ: ತಮ್ಮನ ಹತ್ರ ಲೈಸೆನ್ಸ್ ಇಲ್ಲ, ಎಲ್‌ಎಲ್‌ಆರ್ ಮುಗಿದೈತಿ. ಗೂಡ್ಸ್ ಗಾಡಿ ಡ್ರೈವರ್‌ಗೂ ಕಾರ್ ಲೈಸೆನ್ಸ್ ಅಷ್ಟ ಐತಿ, ಟ್ರಾನ್ಸ್‌ಪೋರ್ಟ್ ಬ್ಯಾಡ್ಜ್ ಇಲ್ಲ, ಅದಕ್ಕ ಕಂಪನಿ ಒಂದು ರೂಪಾಯಿನೂ ಕೊಡೂದಿಲ್ಲ ಅಂತ ಮಾಲೀಕ ಹೇಳಾಕತ್ತಾನ.

---

ಪಾಲಿಸಿ ಪುಟ

ಎರಡನೆಯದನ್ನು ಮೊದಲು ಹೇಳುತ್ತೇನೆ, ಅದು ಈಗ ಮುಗಿದ ಚರ್ಚೆ. ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನವನ್ನು ಲಘು ಮೋಟಾರು ವಾಹನದ (ಅಂದರೆ ಕಾರಿನ) ಲೈಸೆನ್ಸ್ ಇದ್ದವರು ಓಡಿಸಬಹುದು, ಬೇರೆ ನಮೂದು ಬೇಕಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ತೀರ್ಪು ಕೊಟ್ಟಿದೆ. ಸಣ್ಣ ಗೂಡ್ಸ್ ಗಾಡಿಗಳು ಆ ಮಿತಿಯ ಒಳಗೇ ಬರುತ್ತವೆ. ಆರ್‌ಸಿಯಲ್ಲಿ ತೂಕ ಬರೆದಿರುತ್ತದೆ, ನೋಡಿಕೊಳ್ಳಿ. ಡ್ರೈವರ್‌ನ ಲೈಸೆನ್ಸ್ ಅವಧಿಯೇ ಮುಗಿದಿದ್ದರೆ ವಿಷಯ ಬೇರೆ. ಆಗಲೂ ಎದುರಿನ ಗಾಯಾಳುವಿಗೆ ಮೊದಲು ಕಂಪನಿ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಮಂಡಳಿಗಳು ಆದೇಶ ಮಾಡುವುದೇ ಹೆಚ್ಚು.

ತಮ್ಮನ ಲೈಸೆನ್ಸ್. ಇಲ್ಲದೆ ಓಡಿಸಿದ್ದು ತಪ್ಪೇ, ಅದಕ್ಕೆ ದಂಡ ಬೀಳಬಹುದು. ಆದರೆ ಲೈಸೆನ್ಸ್ ಇಲ್ಲ ಎಂಬ ಒಂದೇ ಕಾರಣಕ್ಕೆ ಅಪಘಾತದಲ್ಲಿ ಅವರ ಪಾಲೂ ಇದೆ ಎಂದು ಹೇಳಲಾಗದು. ಅವರು ಅಜಾಗರೂಕತೆಯಿಂದ ಓಡಿಸಿದ್ದರು ಎಂದು ತೋರಿಸಬೇಕಾಗುತ್ತದೆ. ಸುಧೀರ್ ಕುಮಾರ್ ರಾಣಾ ಪ್ರಕರಣದಲ್ಲಿ (2008) ಸುಪ್ರೀಂ ಕೋರ್ಟ್ ಇದನ್ನೇ ಹೇಳಿದ್ದು. ಕಂಪನಿ ಈ ವಾದ ಎತ್ತೇ ಎತ್ತುತ್ತದೆ, ಗಾಬರಿಯಾಗಬೇಡಿ. "ಲೈಸೆನ್ಸ್ ಇತ್ತು" ಎಂದು ಮಾತ್ರ ಸುಳ್ಳು ಹೇಳಬೇಡಿ, ಪಾಟೀಸವಾಲಿನಲ್ಲಿ ಅದೊಂದೇ ಸಾಕು ಉಳಿದ ಮಾತೆಲ್ಲ ನಂಬದಂತೆ ಮಾಡಲು. ಅದಕ್ಕೇ ಇನ್ನೊಂದು ಎಚ್ಚರಿಕೆ: ಡ್ರೈವರ್ ಬದಲು ಬೇರೆಯವರನ್ನು ತೋರಿಸೋಣ ಎಂದು ಮಾಲೀಕ ಕೇಳಿದರೆ ಒಪ್ಪಬೇಡಿ. ಕಂಪನಿಯ ತನಿಖೆಯವರು ಡ್ರೈವರ್‌ಗಳ ಫೋನ್ ಎಲ್ಲಿತ್ತು ಎಂಬುದರವರೆಗೂ ಹೋಗುತ್ತಾರೆ, ಆಗ ಗಾಯಾಳುವೇ ಆರೋಪಿಯಾಗುವ ಸ್ಥಿತಿ ಬರುತ್ತದೆ.

ಎಫ್‌ಐಆರ್ ಆದ ಮೇಲೆ ಏನು ನಡೆಯಬೇಕು ಎಂಬುದಕ್ಕೆ 2022ರ ಏಪ್ರಿಲ್ 1ರಿಂದ ನಿಯಮಗಳೇ ಇವೆ. ತನಿಖಾಧಿಕಾರಿ 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು (ಫಾರ್ಮ್ 1) ನ್ಯಾಯಮಂಡಳಿಗೂ ವಿಮಾ ಕಂಪನಿಗೂ ಕಳಿಸಬೇಕು. 10 ದಿನದೊಳಗೆ ಗಾಯಾಳುವಿಗೆ ಅವರ ಹಕ್ಕುಗಳನ್ನು ತಿಳಿಸುವ ಫಾರ್ಮ್ 2 ಕೊಡಬೇಕು. 50 ದಿನಕ್ಕೆ ಮಧ್ಯಂತರ ವರದಿ, 90 ದಿನಕ್ಕೆ ವಿವರವಾದ ವರದಿ, ಅದು ಫಾರ್ಮ್ 7. ನಡುವೆ ನೀವು ತುಂಬಬೇಕಾದ್ದು ಫಾರ್ಮ್ 6: ಗಾಯ, ಖರ್ಚು, ಆದಾಯ, ಅವಲಂಬಿತರು, ಬ್ಯಾಂಕ್ ಖಾತೆ. ಇದನ್ನು ಯಾರೂ ಮನೆಗೆ ತಂದುಕೊಡುತ್ತಾರೆ ಎಂದು ಕಾಯಬೇಡಿ, ಠಾಣೆಯಲ್ಲಿ ನೀವೇ ಕೇಳಿ ತುಂಬಿ, ಪ್ರತಿಯ ಮೇಲೆ ಸ್ವೀಕೃತಿ ಪಡೆಯಿರಿ. ವಿವರವಾದ ವರದಿ ಬಂದ 30 ದಿನದೊಳಗೆ ಕಂಪನಿಯ ನಿಯೋಜಿತ ಅಧಿಕಾರಿ ಇಷ್ಟು ಕೊಡುತ್ತೇವೆ ಎಂದು ಹೇಳಬೇಕು. ಒಪ್ಪಿದರೆ ನ್ಯಾಯಮಂಡಳಿ ಅದನ್ನೇ ಆದೇಶ ಮಾಡುತ್ತದೆ, ಒಪ್ಪದಿದ್ದರೆ ವಿಚಾರಣೆ. ಅಂಗವೈಕಲ್ಯ ಅಳೆಯುವ ಮುನ್ನವೇ ಬಂದ ಮೊತ್ತಕ್ಕೆ ಒಪ್ಪಿದರೆ ಮುಂದಿನ ಗಳಿಕೆಯ ನಷ್ಟ ಪೂರ್ತಿ ಕೈಬಿಟ್ಟಂತೆ, ಇದು ನೆನಪಿರಲಿ.

---

ಲಕ್ಷ್ಮೇಶ್ವರ ರಸ್ತೆ

ಇಲ್ಲೇ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಮ್ಮ ಕಡೆ ಮೆಣಸಿನಕಾಯಿ ಬಿಡಸಾಕ, ಹತ್ತಿ ಬಿಡಸಾಕ ಹೆಣ್ಣಮಕ್ಕಳನ್ನ ಟ್ರ್ಯಾಕ್ಟರ್ ಟ್ರೇಲರಿನ್ಯಾಗ ಕರಕೊಂಡು ಹೋಗ್ತಾರ. ಟ್ರೇಲರ್ ಪಲ್ಟಿ ಆದ್ರ ಅವರಿಗೂ ಇದ ರೀತಿ ವಿಮೆ ಸಿಗ್ತದೇನು?

---

ಪಾಲಿಸಿ ಪುಟ

ಇಲ್ಲ, ಅದು ಬೇರೆಯೇ ಲೆಕ್ಕ. ಗದಗ, ಹಾವೇರಿ, ಧಾರವಾಡ ಮೂರೂ ಜಿಲ್ಲೆಯವರು ಇದನ್ನು ತಿಳಿದಿರಬೇಕು. ರಸ್ತೆಯಲ್ಲಿ ಹೋಗುವವನಿಗೆ ಟ್ರ್ಯಾಕ್ಟರ್ ಬಡಿದರೆ ಅವನು ಮೂರನೇ ವ್ಯಕ್ತಿ, ಸಾಮಾನ್ಯ ಪಾಲಿಸಿಯಲ್ಲೇ ಬರುತ್ತಾನೆ. ಟ್ರೇಲರಿನಲ್ಲಿ ಕುಳಿತವರು ಹಾಗಲ್ಲ. ಟ್ರ್ಯಾಕ್ಟರಿನಲ್ಲಿ ಡ್ರೈವರ್‌ಗೆ ಮಾತ್ರ ಸೀಟು, ಟ್ರೇಲರ್ ಇರುವುದು ಸಾಮಾನಿಗೆ. ಅದರಲ್ಲಿ ಪ್ರಯಾಣಿಕರಾಗಿ ಕುಳಿತವರಿಗೆ ನಾವು ಹೊಣೆಯಲ್ಲ ಎಂದು ಕಂಪನಿ ಹೇಳುತ್ತದೆ, ಅನೇಕ ಸಲ ಅದು ಕೋರ್ಟಿನಲ್ಲಿ ನಿಲ್ಲುತ್ತದೆ ಕೂಡ. ಆಗ ಹೊಣೆ ಮಾಲೀಕನ ಮೇಲೆ. ಒಂದೂವರೆ ಎಕರೆಯ ರೈತನಿಂದ ಲಕ್ಷಗಟ್ಟಲೆ ವಸೂಲಾಗುವುದು ಹೇಗೆ?

ಅಪಘಾತ ಆಗಿದ್ದರೆ ಟ್ರ್ಯಾಕ್ಟರಿನದ್ದು, ಟ್ರೇಲರಿನದ್ದು ಎರಡೂ ಪಾಲಿಸಿಯ ಪೂರ್ತಿ ಪ್ರತಿ ತರಿಸಿ. ಮೊದಲ ಪುಟದಲ್ಲಿ ಪ್ರೀಮಿಯಂ ವಿಂಗಡಣೆ ಇರುತ್ತದೆ. ಅದರಲ್ಲಿ ಡ್ರೈವರ್ ಬಿಟ್ಟು ಕೂಲಿಕಾರರಿಗೆ, ಕೆಲಸಗಾರರಿಗೆ ಎಂದು ಪ್ರತ್ಯೇಕ ಸಾಲು ಇದೆಯೇ, ಎಷ್ಟು ಜನಕ್ಕೆ ಕಟ್ಟಿದೆ ಎಂದು ನೋಡಿ. ಆ ಸಾಲಿದ್ದರೆ, ಮತ್ತು ಕುಳಿತವರು ಅದೇ ಮಾಲೀಕನ ಕೆಲಸಕ್ಕೆ ಹೊರಟಿದ್ದವರಾದರೆ, ದಾರಿ ಇದೆ. ಕೆಲಸಗಾರರಿಗೆ ಅಪಘಾತ ನ್ಯಾಯಮಂಡಳಿ ಅಥವಾ ನೌಕರರ ಪರಿಹಾರ, ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಹಕ್ಕೂ ಇದೆ (ಕಲಂ 167), ಎರಡೂ ಕಡೆ ಕೇಳುವಂತಿಲ್ಲ. ಟ್ರ್ಯಾಕ್ಟರ್ ಇಟ್ಟವರಿಗೆ ಒಂದು ಮಾತು: ಪಾಲಿಸಿ ಮಾಡಿಸುವಾಗ ಕೂಲಿಕಾರರ ಸಾಲು ಸೇರಿಸಿ ಎಂದು ಬಾಯಿಬಿಟ್ಟು ಕೇಳಿ. ಹಾಗೆಂದು ಇಪ್ಪತ್ತು ಜನರನ್ನು ತುಂಬಿಕೊಂಡು ಹೋಗಲು ಅದು ಪರವಾನಗಿಯಲ್ಲ, ದಯವಿಟ್ಟು ಟೆಂಪೋ ಮಾಡಿ ಕರೆದೊಯ್ಯಿರಿ.

---

ಕೋರ್ಟ್ ಕಟ್ಟಿ

ಹಳೇಹುಬ್ಬಳ್ಳಿಯವರ, ಈಗ ಅವಧಿ ಮತ್ತ ಮೊತ್ತದ ಮಾತು.

ಪರಿಹಾರದ ಅರ್ಜಿ ಹಾಕಾಕ ಅಪಘಾತದ ದಿನದಿಂದ 6 ತಿಂಗಳು. ಮೋಟಾರು ವಾಹನ ಕಾಯ್ದೆ ಕಲಂ 166(3). ನಡುವ ಬಹಳ ವರ್ಷ ಇಂಥ ಗಡುವು ಇರಲಿಲ್ಲ, 2022ರ ಏಪ್ರಿಲ್‌ನಿಂದ ಮತ್ತ ಬಂದೈತಿ, ಹಳೇ ತಿಳುವಳಿಕೆ ಇದ್ದವರು ಇನ್ನೂ "ಯಾವಾಗ ಬೇಕಾದ್ರೂ ಹಾಕಬಹುದು" ಅಂತಾರ. ಗಡುವು ಮೀರಿತು ಅಂತ ಅರ್ಜಿ ವಜಾ ಮಾಡಬ್ಯಾಡ್ರಿ ಅಂತ ಸುಪ್ರೀಂ ಕೋರ್ಟ್ 2025ರ ನವೆಂಬರ್‌ದಾಗ ಮಧ್ಯಂತರ ಆದೇಶ ಕೊಟ್ಟೈತಿ ಖರೆ, ಆದ್ರ ಮಧ್ಯಂತರ ಅಂದ್ರ ಮಧ್ಯಂತರ. ನೀವು 6 ತಿಂಗಳ ಒಳಗ ಹಾಕ್ರಿ. ಅಂಗವೈಕಲ್ಯದ ಸರ್ಟಿಫಿಕೇಟ್ ಬರಲಿ ಅಂತ ಕಾಯೂದು ದೊಡ್ಡ ತಪ್ಪು. ಅದು ಸಾಕ್ಷಿ ಹೇಳೂ ಹೊತ್ತಿಗೆ ಬಂದ್ರ ನಡೀತದ.

ಎಲ್ಲಿ ಹಾಕಬೇಕು? ಅಪಘಾತ ಆದ ಜಾಗ, ಗಾಯಾಳು ಇರೂ ಊರು, ಎದುರುದಾರ ಇರೂ ಊರು, ಮೂರರಾಗ ಯಾವುದಾದ್ರೂ. ನೀವು ಹುಬ್ಬಳ್ಳಿಯವರು, ಆಪರೇಶನ್ ಮಾಡಿದ ವೈದ್ಯರೂ ಹುಬ್ಬಳ್ಳಿಯಾಗ ಅದಾರ. ಹಂಗಾಗಿ ತಿಮ್ಮಸಾಗರದ ಕೋರ್ಟ್ ಸಂಕೀರ್ಣನ ಅನುಕೂಲ. ಸಾಕ್ಷಿಗೆ ವೈದ್ಯರನ್ನ ಹಾವೇರಿಗೆ ಕರಸೂದು ಅಂದ್ರ ತಾರೀಖು ಮ್ಯಾಲೆ ತಾರೀಖು.

ಮೊತ್ತ ಬರೂದು ಹೆಂಗ ಅಂತ ಒಂದು ಲೆಕ್ಕ ತೋರಸ್ತೀನಿ. ಇದು ಉದಾಹರಣೆ ಅಷ್ಟ, ನಿಮಗ ಇಷ್ಟ ಸಿಗ್ತದ ಅಂತಲ್ಲ. ತಿಂಗಳ ಆದಾಯ 15,000 ಅಂತ ನ್ಯಾಯಮಂಡಳಿ ಹಿಡೀತು ಅನ್ನೋಣ. 31ರಿಂದ 35 ವರ್ಷದವರಿಗೆ ಗುಣಕ (ವಯಸ್ಸು ನೋಡಿ ಎಷ್ಟು ವರ್ಷದ ಗಳಿಕೆ ಹಿಡೀಬೇಕು ಅನ್ನೂ ಸಂಖ್ಯೆ) 16, ಸರಳಾ ವರ್ಮಾ ತೀರ್ಪಿನ (2009) ಕೋಷ್ಟಕದ ಪ್ರಕಾರ. 15,000 × 12 × 16 ಅಂದ್ರ 28,80,000. ಇದರಾಗ ಎಷ್ಟು ಶೇಕಡಾ ಅನ್ನೋದರ ಮ್ಯಾಲೆ ಎಲ್ಲಾ ನಿಂತೈತಿ. ವೈದ್ಯರು ಕಾಲಿಗೆ 24% ಅಂತ ಬರದ್ರ, ಇಡೀ ದೇಹಕ್ಕ ಅದರ ಮೂರನೇ ಒಂದು ಪಾಲು, 8% ಅಂತ ಹಿಡಿಯೂದು ನಮ್ಮ ಕಡೆ ರೂಢಿ. ಆಗ 2,30,400.

ಆದ್ರ ದೇಹದ ವೈಕಲ್ಯ ಬೇರೆ, ದುಡಿಯೂ ಶಕ್ತಿಯ ನಷ್ಟ ಬೇರೆ. ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪು (2011) ಇದನ್ನ ಬಿಡಿಸಿ ಹೇಳೈತಿ. ಕುರ್ಚಿ ಮ್ಯಾಲೆ ಕೂತು ಲೆಕ್ಕ ಬರಿಯಾಂವಗ ಮೊಣಕಾಲು ಪೂರ್ತಿ ಮಡಚದಿದ್ರ ಗಳಿಕೆ ಹೋಗೂದಿಲ್ಲ. ಗೌಂಡಿ ಕುಕ್ಕರಗಾಲಿನ್ಯಾಗ ಕೂತು ಬುನಾದಿ ಕಟ್ಟಬೇಕು, ಸಾರುವೆ ಹತ್ತಬೇಕು, ಗಿಲಾವ ಮಾಡೂವಾಗ ದಿನವಿಡೀ ನಿಂದರಬೇಕು. ಅವನ ನಷ್ಟ 25% ಅಂತ ಸಾಬೀತು ಮಾಡಿದ್ರ ಅದ ಲೆಕ್ಕ 7,20,000 ಆಗ್ತದ. 40 ವರ್ಷದ ಕೆಳಗಿನ ಸ್ವಂತ ದುಡಿಮೆಯವರಿಗೆ ಭವಿಷ್ಯದ ಏರಿಕೆ ಅಂತ 40% ಸೇರಿಸಬೇಕು ಅಂತ ಪ್ರಣಯ್ ಸೇಠಿ ತೀರ್ಪು (2017). ಗಾಯದ ಪ್ರಕರಣಕ್ಕೂ ಅದು ಅನ್ವಯ ಅಂತ ಪಪ್ಪು ದೇವ್ ಯಾದವ್ ತೀರ್ಪು (2020). ಸೇರಿಸಿದ್ರ 10,08,000. ಎಲ್ಲಾ ನ್ಯಾಯಮಂಡಳಿ ತಾನಾಗೇ ಸೇರಸೂದಿಲ್ಲ, ಅರ್ಜಿಯಾಗ ಕೇಳಿರಬೇಕು.

ಅದಕ್ಕ ವೈದ್ಯರ ಸರ್ಟಿಫಿಕೇಟಿನ್ಯಾಗ ಶೇಕಡಾ ಅಷ್ಟ ಇದ್ರ ಸಾಲದು. ಮೊಣಕಾಲು ಎಷ್ಟು ಡಿಗ್ರಿ ಮಡಚ್ತದ, ಕಾಲು ಎಷ್ಟು ಸೆಂಟಿಮೀಟರ್ ಗಿಡ್ಡ ಆಗೈತಿ, ಕುಕ್ಕರಗಾಲಿನ್ಯಾಗ ಕೂಡಾಕ, ಏಣಿ ಹತ್ತಾಕ, ಭಾರ ಹೊರಾಕ ಆಗ್ತದೋ ಇಲ್ಲೋ, ಗೌಂಡಿ ಕೆಲಸಕ್ಕ ಇದರಿಂದ ಏನು ತೊಂದರೆ, ಇಷ್ಟೂ ಬರಿಸ್ರಿ. ಸಾಕ್ಷಿ ಹೇಳೂವಾಗ ವಕೀಲರು ವೈದ್ಯರಿಗೆ ಇದ ಪ್ರಶ್ನೆ ಕೇಳಬೇಕು.

ಉಳಿದ ಬಾಬತ್ತು: ಆಸ್ಪತ್ರೆ ಬಿಲ್ಲು, ನೋವಿಗೆ, ಮಲಗಿದ್ದ ತಿಂಗಳುಗಳ ಗಳಿಕೆ, ನೋಡ್ಕೊಂಡವರ ಖರ್ಚು, ಪೌಷ್ಟಿಕ ಆಹಾರ, ಓಡಾಟ, ಮುಂದ ರಾಡ್ ತಗಿಸೂ ಖರ್ಚು. ಕಡೀದನ್ನ ಮರೀತಾರ, ವೈದ್ಯರಿಂದ ಅಂದಾಜು ಪಟ್ಟಿ ಬರಸ್ಕೋರಿ.

ಆದಾಯಕ್ಕ ಪುರಾವೆ ಇಲ್ಲದಿದ್ರ ಕಾನೂನು ಸೇವಾ ಪ್ರಾಧಿಕಾರ ಲೋಕ ಅದಾಲತ್‌ಗೆ ಮಾಡಿರೂ ಪಟ್ಟಿಯಾಗ ಆ ವರ್ಷಕ್ಕ ಎಷ್ಟೈತೋ ಅದನ್ನ ಹಿಡೀತಾರ. ಅದಕ್ಕಿಂತ ಜಾಸ್ತಿ ಬೇಕಂದ್ರ ಹಾಜರಿ ಪುಸ್ತಕ, ಕೆಲಸ ಕೊಟ್ಟ ಮೇಸ್ತ್ರಿಯ ಸಾಕ್ಷಿ, ವಾರದ ಬಟವಡೆ ಫೋನ್‌ಪೇಯಿಂದ ಬಂದಿದ್ರ ಬ್ಯಾಂಕ್ ಸ್ಟೇಟ್‌ಮೆಂಟ್. ಕಟ್ಟಡ ಕಾರ್ಮಿಕರ ಕಾರ್ಡ್ ಇದ್ರ ಅದು ಕಸುಬಿಗೆ ದೊಡ್ಡ ಪುರಾವೆ.

---

ಹಳೇಹುಬ್ಬಳ್ಳಿಯಾಂವ

ಕಾರ್ಡ್ ಐತ್ರಿ, ನವೀಕರಣನೂ ಆಗೈತಿ. ಕಡೇ ಪ್ರಶ್ನೆ: ಒಬ್ಬರು ಬಂದು "ಎಲ್ಲಾ ನಾವ ಮಾಡ್ತೀವಿ, ಬಂದದ್ದರಾಗ 30% ಕೊಡ್ರಿ, ಈಗ ಏನೂ ಬ್ಯಾಡ" ಅಂತ ಕಾಗದಕ್ಕ ಸಹಿ ಕೇಳಾಕತ್ತಾರ. ಕೊಡಬಹುದೇನು?

---

ಕೋರ್ಟ್ ಕಟ್ಟಿ

ಬ್ಯಾಡ. ಬಂದ ಪರಿಹಾರದಾಗ ಪಾಲು ಅಂತ ವಕೀಲರು ಫೀ ಗೊತ್ತು ಮಾಡೂದನ್ನ ಬಾರ್ ಕೌನ್ಸಿಲ್ ನಿಯಮನ ನಿಷೇಧ ಮಾಡೈತಿ. ನಡುವಿನ ಏಜೆಂಟರಿಗಂತೂ ಯಾವ ಹಕ್ಕೂ ಇಲ್ಲ. ಖಾಲಿ ಕಾಗದ, ಖಾಲಿ ಚೆಕ್, ಬ್ಯಾಂಕಿನ ಪಾಸ್‌ಬುಕ್, ಎಟಿಎಂ ಯಾರ ಕೈಗೂ ಕೊಡಬ್ಯಾಡ್ರಿ. ವಕಾಲತ್ತಿಗೆ ಸಹಿ ಮಾಡೂವಾಗ ಅದರಾಗ ಹೆಸರು, ನ್ಯಾಯಮಂಡಳಿ ತುಂಬಿರಬೇಕು. ಫೀ ಇಷ್ಟು, ಯಾವ್ಯಾವ ಹಂತಕ್ಕ ಅಂತ ಮೊದಲ ಮಾತಾಡಿ, ಕೊಟ್ಟದ್ದಕ್ಕ ರಸೀದಿ ತಗೋರಿ. ಕೋರ್ಟ್ ಶುಲ್ಕ ಇಂಥ ಅರ್ಜಿಗೆ ಅಲ್ಪ, "ಶುಲ್ಕಕ್ಕ ಐವತ್ತು ಸಾವಿರ ಬೇಕು" ಅಂದ್ರ ನಂಬಬ್ಯಾಡ್ರಿ.

ಫೀ ಕೊಡೂ ಶಕ್ತಿ ಇಲ್ಲಂದ್ರ ಕೋರ್ಟ್ ಆವರಣದಾಗ ತಾಲೂಕು ಕಾನೂನು ಸೇವಾ ಸಮಿತಿ ಐತಿ. ಆದಾಯ ಪ್ರಮಾಣಪತ್ರ, ಆಧಾರ್, ಎಫ್‌ಐಆರ್ ಪ್ರತಿ ಒಯ್ದು ಅರ್ಜಿ ಕೊಟ್ರ ಪುಕ್ಕಟ ವಕೀಲರನ್ನ ಕೊಡ್ತಾರ. ಹೆಣ್ಣಮಕ್ಕಳು, ಪರಿಶಿಷ್ಟರು, ಅಂಗವಿಕಲರಿಗೆ ಆದಾಯದ ಮಿತಿ ಇಲ್ಲ. ಫೋನಿನ್ಯಾಗ ಕೇಳಬೇಕಂದ್ರ 15100.

ಆದೇಶ ಆದ ಮ್ಯಾಲೆ ಹಣ ಗಾಯಾಳುವಿನ ಖಾತೆಗೇ ಬರಬೇಕು, ಒಂದು ಪಾಲು ಠೇವಣಿ ಇಡಸ್ತಾರ. ಖಾತೆ ತಮ್ಮನ ಒಬ್ಬನ ಹೆಸರಿನ್ಯಾಗ, ಆಧಾರ್ ಜೋಡಿಸಿ ಇರಲಿ. ಮೊತ್ತ ಕಡಿಮೆ ಅನಿಸಿದ್ರ ಧಾರವಾಡದ ಹೈಕೋರ್ಟ್ ಪೀಠಕ್ಕ 90 ದಿನದಾಗ ಮೇಲ್ಮನವಿ. ತಕರಾರಿನ ಮೊತ್ತ 1 ಲಕ್ಷಕ್ಕಿಂತ ಕಡಿಮೆ ಇದ್ರ ಮೇಲ್ಮನವಿ ಇಲ್ಲ.

---

ಕೇಸ್ ಶೀಟ್

ಕಾರ್ಡ್ ಇದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ನೆರವಿಗೆ ಬೇರೆ ಅರ್ಜಿ ಹಾಕಲು ಆಗುತ್ತದೆಯೇ ಎಂದು ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಈಗಲೇ ವಿಚಾರಿಸಿ, ಅಲ್ಲಿಯೂ ಗಡುವುಗಳಿರುತ್ತವೆ. ಮೂಲ ಬಿಲ್ಲು ಅಲ್ಲಿ ಕೊಡಬೇಕಾದರೆ ಮೊದಲು ದೃಢೀಕೃತ ಪ್ರತಿ ಮಾಡಿಸಿಟ್ಟುಕೊಳ್ಳಿ, ನ್ಯಾಯಮಂಡಳಿ ಮೂಲವನ್ನೇ ಕೇಳುತ್ತದೆ. ಔಷಧ ಅಂಗಡಿಯ ಬಿಲ್ಲುಗಳ ಶಾಯಿ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ, ಇವತ್ತೇ ಎಲ್ಲದರ ಜೆರಾಕ್ಸ್ ತೆಗೆಸಿಬಿಡಿ.

---

ಹಳೇಹುಬ್ಬಳ್ಳಿಯಾಂವ

ಆತ್ರಿ. ದೂರು ಬರೀಲಿಕ್ಕ ಕುಂತೀನಿ, ನಾಳೆ ಮುಂಜಾನೆ ಮೊದಲ ಬಸ್ಸಿಗೆ ಠಾಣೆಗೆ ಹೋಗ್ತೀನಿ. ಬಾಂಡ್ ಪೇಪರ್ ಮಾಲೀಕನಿಗೆ ವಾಪಸ್ ಕೊಟ್ಟೆ.